ಯಾರು ಮರೆತಿದ್ದರು ಈ ಚಿತ್ರವನ್ನು?

ಹಳೆಯ ಸಿನಿಮಾಗಳ ಬ್ಲೂ-ರೇ ಕೊಂಡು ಕೂಡಿಡುವವರ ನಡುವೆ ಒಂದು ಕಥೆ ಚಲಾವಣೆಯಲ್ಲಿದೆ. ಜಪಾನಿನ ತೋಯೆ ಸ್ಟುಡಿಯೊ 1960ರ ದಶಕದಲ್ಲಿ ಯಾಕುಜಾ (ಜಪಾನಿನ ಭೂಗತ ಗುಂಪುಗಳ) ಚಿತ್ರಗಳನ್ನು ಒಂದೇ ಅಚ್ಚಿನಲ್ಲಿ ಒತ್ತಿ ಒತ್ತಿ ಹೊರಗೆ ಕಳಿಸಿತು. ಎಲ್ಲದರಲ್ಲೂ ಅದೇ ಕಥೆ, ಅದೇ ಕತ್ತಿ, ಅದೇ ಕಣ್ಣೀರು. ಆ ರಾಶಿಯಲ್ಲಿ ಹೇಗೋ ಒಂದು ರತ್ನ ಹುಟ್ಟಿತು, ಲೋಕ ಅದನ್ನು ಮರೆಯಿತು, ಈಗ ನಾವು ಅದನ್ನು ಅಗೆದು ತೆಗೆದಿದ್ದೇವೆ. ಹೀಗೆ ಸಾಗುತ್ತದೆ ಕಥೆ. ಆ ರತ್ನ ಯಮಶಿತಾ ಕೋಸಾಕು ನಿರ್ದೇಶಿಸಿ, 1968ರ ಜನವರಿಯಲ್ಲಿ ತೆರೆಕಂಡ 'ಬಕುಚಿಉಚಿ: ಸೋಚೋ ತೊಬಾಕು'. 2023ರಲ್ಲಿ ಬ್ರಿಟನ್ನಿನ ರೇಡಿಯನ್ಸ್ ಫಿಲ್ಮ್ಸ್ ಅದನ್ನು 'ಬಿಗ್ ಟೈಮ್ ಗ್ಯಾಂಬ್ಲಿಂಗ್ ಬಾಸ್' ಎಂಬ ಹೆಸರಿನಲ್ಲಿ ಬ್ಲೂ-ರೇಗೆ ತಂದ ಮೇಲೆ ಈ ಕಥೆಗೆ ಇನ್ನಷ್ಟು ಬಲ ಬಂದಿದೆ.

ಕೇಳಲು ಹಿತವಾದ ಕಥೆ. ಡಿಸ್ಕ್ ಕೊಂಡವರಿಗೆ ಒಂದು ಹಳೆಯ ಅನ್ಯಾಯವನ್ನು ಸರಿಪಡಿಸಿದ ಸಮಾಧಾನವೂ ಅದರ ಜೊತೆಗೇ ಸಿಗುತ್ತದೆ. ಆದರೆ ಇದರಲ್ಲಿ ಎರಡು ಸುಳ್ಳುಗಳಿವೆ. ಲೋಕ ಈ ಚಿತ್ರವನ್ನು ಮರೆತಿತ್ತು ಎಂಬುದು ಒಂದು. ಅದು ಸಣ್ಣದು. ಉಳಿದವುಗಳಂತೆ ಇಲ್ಲದಿರುವುದೇ ಇದರ ಹಿರಿಮೆ ಎಂಬುದು ಇನ್ನೊಂದು. ಇದು ದೊಡ್ಡದು. ಇದನ್ನು ನಂಬಿ ಕೂತವರಿಗೆ ಚಿತ್ರ ಕಣ್ಣೆದುರೇ ಓಡಿದರೂ ಅದರಲ್ಲಿ ನಡೆಯುವುದು ಕಾಣಿಸುವುದಿಲ್ಲ.

ಸಣ್ಣದನ್ನು ಮೊದಲು ಮುಗಿಸೋಣ. ತೋಯೆಯ 'ಬಕುಚಿಉಚಿ' ಸರಣಿಯಲ್ಲಿ ಇದು ನಾಲ್ಕನೆಯದು. ಕಂಪನಿಯ ಚಿತ್ರಮಂದಿರಗಳು ದೇಶದ ತುಂಬ ಇದ್ದವು. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಆ ಕಾಲದ ಪದ್ಧತಿಯಲ್ಲೇ ಇದೂ ಜನರ ಮುಂದೆ ಬಂತು. 1969ರಲ್ಲಿ ಕಾದಂಬರಿಕಾರ ಮಿಶಿಮಾ ಯುಕಿಯೊ ಇದನ್ನು ಟೋಕಿಯೋದ ಅಸಗಾಯಾ ಬಡಾವಣೆಯ ಒಂದು ಸಾಧಾರಣ ಟಾಕೀಸಿನಲ್ಲಿ ನೋಡಿದರು. ನೋಡಿ 'ಎಯ್ಗಾ ಗೆಯ್ಜುತ್ಸು' ಪತ್ರಿಕೆಗೆ ಲೇಖನ ಬರೆದರು. ಉತ್ಪ್ರೇಕ್ಷೆಯಿಲ್ಲದೆ ಇದು ಶ್ರೇಷ್ಠ ಚಿತ್ರ ಎಂದರು, ಗ್ರೀಕ್ ದುರಂತ ನಾಟಕಗಳನ್ನು ನೆನೆದರು, ನಾಯಕ ನಟ ತ್ಸುರುತಾ ಕೋಜಿಯ ಮುಖವನ್ನು ಮನಸಾರೆ ಹೊಗಳಿದರು. ಆಗ ಜಪಾನಿನಲ್ಲಿ ಮಿಶಿಮಾರಷ್ಟು ಹೆಸರಿದ್ದ ಲೇಖಕರು ಬೆರಳೆಣಿಕೆಯಷ್ಟು. 1974ರಲ್ಲಿ ಅಮೆರಿಕದ ಪಾಲ್ ಶ್ರೇಡರ್ 'ಫಿಲ್ಮ್ ಕಾಮೆಂಟ್' ಪತ್ರಿಕೆಯಲ್ಲಿ ಯಾಕುಜಾ ಚಿತ್ರಗಳ ಬಗ್ಗೆ ಒಂದು ದೀರ್ಘ ಪರಿಚಯ ಲೇಖನ ಬರೆದರು. ಎರಡು ವರ್ಷದ ನಂತರ ತೆರೆಕಂಡ 'ಟ್ಯಾಕ್ಸಿ ಡ್ರೈವರ್' ಚಿತ್ರಕಥೆ ಇವರದೇ. ಈ ಜಾತಿಯ ಚಿತ್ರಗಳನ್ನು ಗಂಭೀರವಾಗಿ ನೋಡಬೇಕೆಂದು ಇಂಗ್ಲಿಷ್ ಬಲ್ಲವರಿಗೆ ಅರ್ಧ ಶತಮಾನದ ಹಿಂದೆಯೇ ತಿಳಿಸಿ ಆಗಿತ್ತು. ಟೋಕಿಯೋದ ಶಿಂಜುಕು ಶೋವಾಕಾನ್ ಎಂಬ ಚಿತ್ರಮಂದಿರವಂತೂ 2002ರಲ್ಲಿ ಬಾಗಿಲು ಹಾಕುವವರೆಗೂ ಹಳೆಯ ಯಾಕುಜಾ ಚಿತ್ರಗಳನ್ನೇ ನೆಚ್ಚಿಕೊಂಡು ನಡೆಯಿತು.

ಮರೆತಿದ್ದವರು ಯಾರು, ಹಾಗಾದರೆ? ಯಾರೂ ಇಲ್ಲ. ಇಂಗ್ಲಿಷ್ ಉಪಶೀರ್ಷಿಕೆ ಇರುವ ಡಿಸ್ಕ್ ಇರಲಿಲ್ಲ, ಅಷ್ಟೇ. ತಾನು ಕಾಣದ್ದನ್ನೆಲ್ಲ ಲೋಕವೇ ಕಾಣಲಿಲ್ಲ ಎಂದುಕೊಳ್ಳುವ ಅಭ್ಯಾಸ ಸಂಗ್ರಾಹಕ ವರ್ಗಕ್ಕೆ ಅಂಟಿಕೊಂಡಿದೆ. ಟಿಕೆಟ್ಟು ಕೊಂಡು ಚಿತ್ರ ನೋಡಿದ ಲಕ್ಷಾಂತರ ಜಪಾನೀಯರ ನೆನಪನ್ನು ಈ ಅಭ್ಯಾಸ ನೆನಪೆಂದೇ ಎಣಿಸುವುದಿಲ್ಲ. ನನ್ನನ್ನು ಕೆರಳಿಸುವುದು ಇದೇ. ಕೂಲಿ ಮಾಡಿ ಬಂದವನು ರಾತ್ರಿ ಆಟಕ್ಕೆ ಹೋಗಿ ನೋಡಿದರೆ ಅದು ಕಾಲಹರಣ, ನಾವು ಕಪಾಟಿನಿಂದ ತೆಗೆದು ನೋಡಿದರೆ ಅದು ಸಂಶೋಧನೆ!

ಈಗ ದೊಡ್ಡ ಸುಳ್ಳಿಗೆ ಬರುತ್ತೇನೆ. ಜಪಾನಿನ ಸ್ಟುಡಿಯೊ ಚಿತ್ರಗಳನ್ನು ಹೊರಗಿನವರು ಮೆಚ್ಚುವ ರೀತಿಗೆ ಒಂದು ಸಿದ್ಧ ಮಾದರಿಯಿದೆ. ಕಂಪನಿಯೆಂದರೆ ಕಾರ್ಖಾನೆ, ಪ್ರತಿಭಾವಂತನೆಂದರೆ ಬಂಡಾಯಗಾರ. ಸುಜುಕಿ ಸೆಯ್ಜುನ್ ಈ ಮಾದರಿಯ ಆರಾಧ್ಯ ದೈವ. ನಿಕ್ಕಾತ್ಸು ಕಂಪನಿಗೆ 1967ರಲ್ಲಿ 'ಬ್ರ್ಯಾಂಡೆಡ್ ಟು ಕಿಲ್' ಮಾಡಿಕೊಟ್ಟು, ಮರುವರ್ಷ ಅದೇ ಕಂಪನಿಯಿಂದ ಹೊರದಬ್ಬಿಸಿಕೊಂಡ ನಿರ್ದೇಶಕರು ಅವರು. ಸುಜುಕಿ ದೊಡ್ಡ ಕಲಾವಿದರು, ಅದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಅವರ ಬದುಕನ್ನು ಅಳತೆಗೋಲು ಮಾಡಿಕೊಂಡು ಎಲ್ಲರನ್ನೂ ಅಳೆಯುವುದರ ಬಗ್ಗೆ. ಸುಜುಕಿಯವರನ್ನು ನಿಕ್ಕಾತ್ಸು ಹೊರಹಾಕಿದ ಅದೇ 1968ರಲ್ಲಿ ಯಮಶಿತಾ ಕ್ಯೋಟೋದ ತೋಯೆ ಸ್ಟುಡಿಯೊದಲ್ಲಿ, ಕಂಪನಿ ಹೇಳಿದ ಸರಣಿಯಲ್ಲಿ, ಕಂಪನಿ ಕೊಟ್ಟ ನಟರನ್ನು ಇಟ್ಟುಕೊಂಡು ಕೆಲಸ ಮಾಡಿ 'ಸೋಚೋ ತೊಬಾಕು' ತೆರೆಗೆ ತಂದರು. ಯಾರ ಜೊತೆಗೂ ಜಗಳವಾಡಿ ಮಾಡಿದ ಚಿತ್ರವಲ್ಲ ಇದು. ಆ ಸಿದ್ಧ ಮಾದರಿಗೆ ಇಂಥ ಚಿತ್ರ ಹೇಗೆ ಹುಟ್ಟಿತು ಎಂಬುದೇ ಬಿಡಿಸಲಾರದ ಒಗಟು. ಒಗಟು ಬಿಡಿಸಲಾಗದೆ ಅದು 'ಅಪವಾದ' ಎಂಬ ಹಣೆಪಟ್ಟಿ ಅಂಟಿಸಿ ಕೈತೊಳೆದುಕೊಳ್ಳುತ್ತದೆ.

ಕಾರ್ಖಾನೆ ಎಂಬ ಬೈಗುಳದ ಹಿಂದೆ ಏನಿತ್ತು, ನೋಡಿ. 1958ರಲ್ಲಿ ಜಪಾನಿನಲ್ಲಿ ಮಾರಾಟವಾದ ಸಿನಿಮಾ ಟಿಕೆಟ್ಟುಗಳು 112 ಕೋಟಿಗೂ ಹೆಚ್ಚು. ಹತ್ತೇ ವರ್ಷದಲ್ಲಿ ಅದು ಸುಮಾರು 31 ಕೋಟಿಗೆ ಇಳಿಯಿತು. ಹೆಂಗಸರು ಮಕ್ಕಳೆಲ್ಲ ಟಿವಿಯ ಮುಂದೆ ಕೂತರು. ತೋಯೆಯ ಆಸ್ತಿಯಾಗಿದ್ದ ಸಮುರಾಯ್ ಚಿತ್ರಗಳು ಓಡುವುದು ನಿಂತಿತು. 1963ರಲ್ಲಿ ತ್ಸುರುತಾ ಕೋಜಿ ನಟಿಸಿದ 'ಜಿನ್ಸೆಯ್ ಗೆಕಿಜೋ: ಹಿಶಾಕಾಕು' ಗೆದ್ದಾಗ ಕಂಪನಿಗೆ ಹೊಸ ದಾರಿ ಕಂಡಿತು. ಹಳೆಯ ಕಾಲದ, ಮಾತಿಗೆ ಬದ್ಧರಾದ ಜೂಜುಗಾರರ ಕಥೆಗಳು, ಜಪಾನೀಯರು ನಿಂಕ್ಯೋ ಚಿತ್ರ ಎನ್ನುವ ಬಗೆ, ಸಾಲುಸಾಲಾಗಿ ಬಂದವು. ಕ್ಯೋಟೋದ ಉಜುಮಾಸಾದಲ್ಲಿ ಸಮುರಾಯ್ ಚಿತ್ರಗಳಿಗೆ ಮನೆ ಕಟ್ಟುತ್ತಿದ್ದ ಬಡಗಿಗಳು, ಕತ್ತಿಕಾಳಗ ಹೇಳಿಕೊಡುತ್ತಿದ್ದವರು, ಕಾಗದದ ಬಾಗಿಲಿನ ಮೇಲೆ ಬೆಳಕು ಬೀಳಿಸುವುದರಲ್ಲಿ ಪಳಗಿದ ಕ್ಯಾಮೆರಾದವರು, ಎಲ್ಲರೂ ತಮ್ಮ ಕಸುಬನ್ನು ಹೊಸ ಕಥೆಗಳಿಗೆ ತಂದರು. ವರ್ಷಗಟ್ಟಲೆ ಒಂದೇ ಕೆಲಸ ಮಾಡಿದ ಕೈಗಳ ಪಳಗುವಿಕೆ ಅದು. 'ಸೋಚೋ ತೊಬಾಕು'ವಿನ ಒಂದೊಂದು ಕೋಣೆಯಲ್ಲೂ, ಯಾರು ಎಲ್ಲಿ ಕೂತಿದ್ದಾರೆ, ಯಾರ ಬೆನ್ನು ಯಾರ ಕಡೆಗಿದೆ ಎಂಬುದರಲ್ಲೂ ಅದು ಕಾಣುತ್ತದೆ.

ಇನ್ನು ಅದೇ ಕಥೆ, ಅದೇ ಕಥೆ ಎಂಬ ದೂರು. ಯಕ್ಷಗಾನಕ್ಕೆ ಹೋಗುವವರು ಕರ್ಣ ಸಾಯುತ್ತಾನೋ ಬದುಕುತ್ತಾನೋ ಎಂದು ತಿಳಿಯಲು ಹೋಗುವುದಿಲ್ಲ. ಈ ರಾತ್ರಿ, ಈ ವೇಷಧಾರಿ, ಆ ಸಾವಿನ ಕಡೆಗೆ ಹೇಗೆ ನಡೆಯುತ್ತಾನೆಂದು ನೋಡಲು ಹೋಗುತ್ತಾರೆ. ನಿಂಕ್ಯೋ ಚಿತ್ರಗಳ ಪ್ರೇಕ್ಷಕರೂ ಅಂಥವರೇ. ಒಳ್ಳೆಯ ಗುಂಪು, ದುಡ್ಡಿನ ಆಸೆಗೆ ಬಿದ್ದ ಕೆಟ್ಟ ಗುಂಪು, ಅವಮಾನವನ್ನೆಲ್ಲ ನುಂಗಿಕೊಂಡ ನಾಯಕ, ಕೊನೆಗೆ ಕತ್ತಿ ಹಿಡಿದು ಶತ್ರುವಿನ ಮನೆಗೆ ಅವನ ರಾತ್ರಿ ನಡಿಗೆ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬರಹಗಾರನೊಬ್ಬ ಅದರಲ್ಲಿ ಒಂದು ಎಳೆ ಅಲುಗಿಸಿದರೂ ಇಡೀ ಸಭಾಂಗಣಕ್ಕೆ ತಿಳಿಯುತ್ತಿತ್ತು.

'ಸೋಚೋ ತೊಬಾಕು' ಬರೆದ ಕಸಹಾರಾ ಕಜುವೊ ಅಲುಗಿಸಿದ್ದು ಯಾವ ಎಳೆಯನ್ನು? ಕಥೆ ನಡೆಯುವುದು 1934ರ ಟೋಕಿಯೋದಲ್ಲಿ. ಜಪಾನಿನ ಸೇನೆ ಮಂಚೂರಿಯಾಕ್ಕೆ ನುಗ್ಗಿ ಮೂರು ವರ್ಷವಾಗಿದೆ. ದೇಶಭಕ್ತಿಯ ಹೆಸರಿನಲ್ಲಿ ಜೂಜುಗಾರರ ಗುಂಪುಗಳನ್ನೆಲ್ಲ ಒಂದುಗೂಡಿಸಿ, ಭೂಖಂಡದ ಕಡೆಗಿನ ಕೊಳಕು ಕೆಲಸಗಳಿಗೆ ಹಚ್ಚಬೇಕೆಂಬ ಹಂಚಿಕೆ ನಡೆದಿದೆ. ತೆನ್ರ್ಯೂ ಮನೆತನದ ಯಜಮಾನ, ನಾವು ಜೂಜಾಡುವವರು, ಇದು ನಮ್ಮ ಕೆಲಸವಲ್ಲ ಎಂದು ನಿರಾಕರಿಸುತ್ತಾನೆ, ಅಲ್ಲೇ ಕುಸಿದು ಹಾಸಿಗೆ ಹಿಡಿಯುತ್ತಾನೆ. ಮುಂದಿನ ಯಜಮಾನ ಯಾರು ಎಂಬ ಪ್ರಶ್ನೆ ಏಳುತ್ತದೆ. ಎಲ್ಲರೂ ನಾಕಾಯಿಯ ಕಡೆ ನೋಡುತ್ತಾರೆ. ಆ ಪಾತ್ರ ತ್ಸುರುತಾ ಕೋಜಿಯದು. ನಾನು ಬೇರೆ ಕಡೆಯಿಂದ ಬಂದು ಸೇರಿದವನು, ನನಗೆ ಆ ಹಕ್ಕಿಲ್ಲ ಎಂದು ಅವನು ಹಿಂದೆ ಸರಿದು, ಸೆರೆಮನೆಯಲ್ಲಿರುವ ತನ್ನ ಪ್ರತಿಜ್ಞಾಬದ್ಧ ತಮ್ಮ ಮಾತ್ಸುದಾನ ಹೆಸರು ಹೇಳುತ್ತಾನೆ. ಹಿರಿಯರು ಅದನ್ನು ಬದಿಗೊತ್ತಿ ಕಿರಿಯನಾದ ಇಶಿದೊನನ್ನು ಆರಿಸುತ್ತಾರೆ. ಅವನು ಯಜಮಾನನ ಅಳಿಯ. ಮಾತ್ಸುದಾ ಬಿಡುಗಡೆಯಾಗಿ ಬರುತ್ತಾನೆ, ಸುದ್ದಿ ಕೇಳಿ ಸಿಡಿದೇಳುತ್ತಾನೆ.

ಈ ಮೂವರಲ್ಲಿ ತಪ್ಪು ಯಾರದು? ಯಾರದೂ ಅಲ್ಲ. ಹೊರಗಿನವನು ಪಟ್ಟಕ್ಕೆ ಬರಬಾರದು ಎಂಬುದು ಕಟ್ಟಳೆ, ನಾಕಾಯಿ ಅದರಂತೆ ನಡೆದ. ಅಣ್ಣನಿರುವಾಗ ತಮ್ಮನಿಗೆ ಪಟ್ಟವಿಲ್ಲ ಎಂಬುದೂ ಕಟ್ಟಳೆ, ಮಾತ್ಸುದಾನ ಕೋಪಕ್ಕೆ ಅದೇ ಆಧಾರ. ಹಿರಿಯರ ತೀರ್ಮಾನವನ್ನು ತಲೆಬಾಗಿ ಒಪ್ಪಬೇಕು ಎಂಬುದು ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಇಶಿದೊ ಒಪ್ಪಿದ್ದಾನೆ. ಹಿಂದಿನ ಚಿತ್ರಗಳಲ್ಲಿ ಒಳ್ಳೆಯವರನ್ನು ಕೆಟ್ಟವರಿಂದ ಬೇರ್ಪಡಿಸುತ್ತಿದ್ದ ಗೆರೆ ಈ ಕಟ್ಟಳೆಯೇ. ಕಸಹಾರಾ ಆ ಗೆರೆಯನ್ನು ಅಳಿಸಲಿಲ್ಲ. ಎಲ್ಲ ಪಾತ್ರಗಳೂ ಅದನ್ನು ಚಾಚೂ ತಪ್ಪದೆ ಪಾಲಿಸುವಂತೆ ಮಾಡಿ, ಪಾಲಿಸಿದ್ದರಿಂದಲೇ ಒಬ್ಬರನ್ನೊಬ್ಬರು ಕೊಲ್ಲಬೇಕಾದ ಸ್ಥಿತಿಗೆ ತಂದು ನಿಲ್ಲಿಸಿದರು. ಸೂತ್ರ ಮುರಿದದ್ದಕ್ಕೆ ಈ ಚಿತ್ರ ದೊಡ್ಡದಾಯಿತು ಎನ್ನುವವರು ಇಲ್ಲಿ ಯಾವ ಸೂತ್ರ ಮುರಿದಿದೆ ಎಂದು ತೋರಿಸಲಿ. ಒಂದೂ ಮುರಿದಿಲ್ಲ.

ನಾಕಾಯಿಯ ಹೆಂಡತಿ ತ್ಸುಯಾಕೊ ಚಿತ್ರದಲ್ಲಿ ಹೆಚ್ಚು ಮಾತಾಡುವವಳಲ್ಲ. ಮಾತ್ಸುದಾನ ಹಿಂಬಾಲಕನಾದ ಹುಡುಗನೊಬ್ಬ ಇಶಿದೊನ ಮೇಲೆ ಏರಿ ಹೋಗುತ್ತಾನೆ. ನಾಕಾಯಿ ಅವನನ್ನು ತನ್ನ ಮನೆಯಲ್ಲಿಟ್ಟು, ಹೊರಗೆ ಬಿಡಬೇಡ ಎಂದು ಹೆಂಡತಿಗೆ ಹೇಳಿ ಹೋಗುತ್ತಾನೆ. ಹುಡುಗನ ಸಂಕಟ ನೋಡಲಾಗದೆ ಅವಳು ಬಿಟ್ಟುಬಿಡುತ್ತಾಳೆ, ಗಂಡನ ಮಾತು ಉಳಿಸಲಾಗಲಿಲ್ಲವೆಂದು ಪ್ರಾಣ ತೆಗೆದುಕೊಳ್ಳುತ್ತಾಳೆ. ಅವಳ ಸಮಾಧಿಯ ಮುಂದೆ, ಸುರಿವ ಮಳೆಯಲ್ಲಿ, ನಾಕಾಯಿ ಮತ್ತು ಮಾತ್ಸುದಾ ಎದುರಾಗುತ್ತಾರೆ. ಮಾತ್ಸುದಾನ ಹೆಂಡತಿ ಹಿರೋಎಯೂ ಅಲ್ಲಿದ್ದಾಳೆ. ಅವಳು ನಾಕಾಯಿಯ ಸ್ವಂತ ತಂಗಿ. ಹೀಗೆ ಒಂದೇ ಚೌಕಟ್ಟಿನೊಳಗೆ ಅಣ್ಣ, ತಂಗಿ, ಭಾವ, ಸತ್ತ ಅತ್ತಿಗೆ. ರಕ್ತದ ನಂಟು, ಮದುವೆಯ ನಂಟು, ಪ್ರತಿಜ್ಞೆಯ ನಂಟು ಮೂರೂ ಅಲ್ಲಿವೆ, ಯಾವುದನ್ನು ಉಳಿಸಿಕೊಂಡರೂ ಉಳಿದೆರಡು ಕೈಬಿಡುತ್ತವೆ. ತ್ಸುರುತಾ ಇಲ್ಲಿ ಮಾಡುವುದು ತೀರ ಕಡಿಮೆ. ಕೆಳದುಟಿ ಬಿಗಿ ಹಿಡಿದು, ಕಣ್ಣು ತಗ್ಗಿಸದೆ ನಿಲ್ಲುತ್ತಾರೆ. ಈ ನಿಲುವನ್ನು ಅವರು ಐದು ವರ್ಷ, ಹತ್ತಾರು ಚಿತ್ರಗಳಲ್ಲಿ ನಿಂತು ರೂಢಿಸಿಕೊಂಡಿದ್ದರು. ಪ್ರೇಕ್ಷಕರಿಗೂ ಅದು ಗೊತ್ತಿತ್ತು. ಈ ಮನುಷ್ಯ ಸಹಿಸುತ್ತಾನೆ, ಕೊನೆಗೆ ಸರಿಯಾದವರ ಮೇಲೆ ಕತ್ತಿ ಎತ್ತುತ್ತಾನೆ ಎಂದು ನಂಬಿಯೇ ಕೂತಿರುತ್ತಿದ್ದರು.

ಈ ಸಲ ಅವನ ಕತ್ತಿ ತಮ್ಮನ ಮೇಲೆ ಬೀಳುತ್ತದೆ. ಮಾತ್ಸುದಾನನ್ನು ನಾಕಾಯಿಯೇ ಕೊಲ್ಲುತ್ತಾನೆ. ತಂಗಿ ಅವನನ್ನು ಕೊಲೆಗಾರ ಎಂದು ಕೂಗುತ್ತಾಳೆ. ಅಲ್ಲಿಂದ ಅವನು ಹೋಗುವುದು ಮನೆತನದ ಹಿರಿಯರಲ್ಲೊಬ್ಬನಾಗಿದ್ದು ಇಷ್ಟೆಲ್ಲ ಹೊಂಚು ಹಾಕಿದ ಸೆನ್ಬಾನ ಬಳಿಗೆ. ಪ್ರಾಣಭಯಕ್ಕೆ ಸಿಕ್ಕ ಸೆನ್ಬಾ ಕಟ್ಟಳೆಯನ್ನೇ ಗುರಾಣಿಯಾಗಿ ಹಿಡಿಯುತ್ತಾನೆ: ಹಿರಿಯನ ಮೇಲೆ ಕತ್ತಿ ಎತ್ತುತ್ತೀಯಾ, ನಿನ್ನ ಧರ್ಮ ಎಲ್ಲಿ ಹೋಯಿತು? ಅಂಥದ್ದು ನನಗೆ ಗೊತ್ತಿಲ್ಲ, ನಾನೊಬ್ಬ ಕ್ಷುಲ್ಲಕ ಕೊಲೆಗಾರ ಅಷ್ಟೇ ಎಂಬ ಅರ್ಥದ ಮಾತು ಹೇಳಿ ನಾಕಾಯಿ ಇರಿಯುತ್ತಾನೆ. ತಂಗಿ ಎಸೆದ ಪದವನ್ನೇ ಅವನು ತನ್ನ ಹೆಸರಾಗಿ ಒಪ್ಪಿಕೊಂಡಿದ್ದಾನೆ. ತ್ಸುರುತಾರ ಬಾಯಲ್ಲಿ ಅಂಥ ಮಾತು! ಐದು ವರ್ಷ ಆ ಧರ್ಮದ ಪರವಾಗಿಯೇ ಕತ್ತಿ ಹಿಡಿದ ಮುಖ ಅದು. ಈ ಒಂದು ಚಿತ್ರವನ್ನು ಮಾತ್ರ ಪೆಟ್ಟಿಗೆಯಿಂದ ತೆಗೆದು ನೋಡುವವರಿಗೆ ಇದು ಒಳ್ಳೆಯ ಸಂಭಾಷಣೆಯಾಗಿ ಕೇಳಬಹುದು. ಮುಂಚಿನವನ್ನು ನೋಡಿ ಬಂದವರಿಗೆ ಕಾಲ ಕೆಳಗಿನ ನೆಲ ಸರಿಯುತ್ತದೆ. ಮಿಶಿಮಾ ಮೆಚ್ಚಿದ್ದು ಆ ಮುಖದ ಸಹನೆಯನ್ನು. ಆದರೆ ಚಿತ್ರದ ಕೊನೆಯ ಮಾತು ಆ ಸಹನೆಗೆ ಅರ್ಥವಿತ್ತೇ ಎಂದೇ ಕೇಳುತ್ತದೆ. ಅಷ್ಟು ದೊಡ್ಡ ಓದುಗ ಇದನ್ನು ಇನ್ನೂ ಒತ್ತಿ ಹೇಳಬೇಕಿತ್ತು ಎಂದು ನನಗೆ ಅನಿಸುತ್ತದೆ.

ಇದರ ಬೆನ್ನಿಗೇ ಇನ್ನೊಂದು ಗಿಣಿಪಾಠ ಬರುತ್ತದೆ. 1973ರಲ್ಲಿ ಫುಕಸಾಕು ಕಿಂಜಿ ಹಿರೋಷಿಮಾದ ನಿಜ ಗುಂಪುಗಳ ಕಾಳಗವನ್ನು ಆಧರಿಸಿ 'ಜಿಂಗಿ ನಾಕಿ ತತಕಾಯ್' ಮಾಡಿದರು, ಹಳೆಯ ನಿಂಕ್ಯೋ ಸುಳ್ಳುಗಳನ್ನೆಲ್ಲ ಒಂದೇ ಏಟಿಗೆ ಒಡೆದು ಹಾಕಿದರು ಎಂಬುದು ಆ ಪಾಠ. ಆ ಸರಣಿಯ ಐದು ಚಿತ್ರಗಳಲ್ಲಿ ಮೊದಲ ನಾಲ್ಕನ್ನು ಬರೆದವರು ಯಾರು? ಇದೇ ಕಸಹಾರಾ ಕಜುವೊ. ಅದರಲ್ಲಿ ಹೇಡಿಯೂ ಕಪಟಿಯೂ ಆದ, ಬೇಕಾದಾಗ ಅತ್ತು ಬೇಡಿ ತನ್ನವರನ್ನೇ ಸಾವಿಗೆ ನೂಕುವ ಯಮಮೊರಿ ಎಂಬ ಯಜಮಾನನಾಗಿ ನಟಿಸಿದವರು ಯಾರು? 'ಸೋಚೋ ತೊಬಾಕು'ವಿನ ಸೆನ್ಬಾ ಆಗಿದ್ದ ಕನೆಕೊ ನೊಬುವೊ. ಸೆನ್ಬಾನ ಉಡುಗೆ ಬದಲಿಸಿ ಯುದ್ಧಾನಂತರದ ಹಿರೋಷಿಮಾಕ್ಕೆ ಕಳಿಸಿದರೆ ಅವನೇ ಯಮಮೊರಿ. ಫುಕಸಾಕು ಒಡೆದದ್ದಕ್ಕೆ ಐದು ವರ್ಷ ಮೊದಲೇ, ಅದೇ ಕಂಪನಿಯೊಳಗೆ, ಅದೇ ಲೇಖನಿ ಬಿರುಕು ಬೀಳಿಸಿತ್ತು. ಹಳೆಯದು ಸುಳ್ಳು, ಹೊಸದು ಸತ್ಯ ಎಂದು ಎರಡು ಕಪಾಟು ಮಾಡಿ ಜೋಡಿಸುವುದು ಸಲೀಸು. ಕಸಹಾರಾ ಎಂಬ ಒಬ್ಬ ಮನುಷ್ಯ ಎರಡೂ ಕಪಾಟಿನಲ್ಲಿದ್ದಾನೆ ಎಂಬುದನ್ನು ಮಾತ್ರ ಆ ಜೋಡಣೆ ವಿವರಿಸಲಾರದು.

ಸಂಗ್ರಾಹಕರಿಗೆ ಈ ಚಿತ್ರದಲ್ಲಿ ಸಿಕ್ಕಿದ್ದು ಏನು ಎಂದು ನಾನು ಗಮನಿಸಿದ್ದೇನೆ. ಪೆಟ್ಟಿಗೆಯ ಬೆನ್ನಿಗೆ ಸುತ್ತಿದ ಒಬಿ ಎಂಬ ಕಾಗದದ ಪಟ್ಟಿ ಹರಿಯದೆ ಉಳಿದಿದೆಯೇ, ಮುದ್ರಿಸಿದ್ದು ಎಷ್ಟು ಪ್ರತಿ, ಖಾಲಿಯಾದ ಮೇಲೆ ಬೆಲೆ ಎಷ್ಟಕ್ಕೆ ಏರಿತು ಎಂಬ ಚರ್ಚೆಗೆ ಕೊನೆಯೇ ಇಲ್ಲ. ಜಪಾನಿನ ಬಿ2 ಅಳತೆಯ ಮೂಲ ಪೋಸ್ಟರು, ಸುಮಾರು 51 ಸೆಂಟಿಮೀಟರ್ ಅಗಲ, 73 ಎತ್ತರ, ಮಡಚಿದ್ದೋ ಸುರುಳಿ ಸುತ್ತಿದ್ದೋ ಎಂಬುದರ ಮೇಲೆ ಇನ್ನೊಂದು ಸುತ್ತಿನ ಚರ್ಚೆ. ವಸ್ತುಗಳ ಮೇಲಿನ ಮೋಹ ಪಾಪವೆಂದು ನಾನು ಹೇಳುವುದಿಲ್ಲ. ಆ ಪೋಸ್ಟರುಗಳು ನಿಜಕ್ಕೂ ಸುಂದರ, ಒಬಿಯ ಮೇಲಿನ ಅಕ್ಷರಗಳನ್ನು ಯಾರೋ ಪ್ರೀತಿಯಿಂದ ಜೋಡಿಸಿರುತ್ತಾರೆ. ಆದರೆ ಅಪರೂಪವನ್ನು ಬೆಲೆಯೆಂದು ಎಣಿಸುವ ಕಣ್ಣಿಗೆ ಅಪರೂಪವಲ್ಲದ್ದು ಬೆಲೆಯಿಲ್ಲದ್ದಾಗಿಯೇ ಕಾಣುತ್ತದೆ. ನಿಂಕ್ಯೋ ಚಿತ್ರಗಳ ಹುಟ್ಟೇ ಅಪರೂಪಕ್ಕೆ ವಿರುದ್ಧ. ಅವು ನೂರಾರು ಇದ್ದವು. ಇರಬೇಕಿತ್ತು. ನೂರಾರು ಇದ್ದದ್ದರಿಂದಲೇ 'ಸೋಚೋ ತೊಬಾಕು' ಸಾಧ್ಯವಾಯಿತು.

ಇದಕ್ಕೊಂದು ಬಲವಾದ ಪ್ರತಿವಾದವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಸಂಗ್ರಾಹಕರು ದುಡ್ಡು ಕೊಡದಿದ್ದರೆ ಡಿಸ್ಕೇ ಬರುತ್ತಿರಲಿಲ್ಲ. ಹಳೆಯ ಪ್ರತಿಯಿಂದ ಒಳ್ಳೆಯ ಚಿತ್ರ ತೆಗೆಯುವುದು, ಉಪಶೀರ್ಷಿಕೆ ಬರೆಸುವುದು, ಹಕ್ಕು ಕೊಳ್ಳುವುದು, ಎಲ್ಲಕ್ಕೂ ಹಣ ಬೇಕು. ಜಪಾನಿ ಬಾರದ ನಮ್ಮಂಥವರಿಗೆ ಈ ಚಿತ್ರದ ಮಾತು ತಿಳಿಯುವಂತಾದದ್ದು ಇಂಥ ಸಣ್ಣ ಕಂಪನಿಗಳ ದುಡಿಮೆಯಿಂದ. ಅದಕ್ಕೆ ನಾನು ಮನಸಾರೆ ಋಣಿ. (ಭಾರತವನ್ನು ಬ್ಲೂ-ರೇ ಲೋಕ 'ಸಿ' ವಲಯಕ್ಕೆ ಸೇರಿಸಿದೆ. ಬ್ರಿಟನ್ನಿನ 'ಬಿ' ವಲಯಕ್ಕೆಂದು ಬೀಗ ಹಾಕಿದ ಡಿಸ್ಕುಗಳು ನಮ್ಮಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ಓಡುವುದೇ ಇಲ್ಲ. ಎಲ್ಲ ವಲಯದ್ದನ್ನೂ ಓಡಿಸುವ ಯಂತ್ರ ಹುಡುಕಬೇಕು. ಆ ಕಷ್ಟವನ್ನೂ ಜನ ಪಡುತ್ತಾರೆ.) ಆದರೆ ಋಣ ಬೇರೆ, ತೀರ್ಪು ಬೇರೆ. ಚಿತ್ರ ಉಳಿಯಲು ಹಣ ಕೊಟ್ಟವರಿಗೆ ಅದರ ಅರ್ಥ ನಿಗದಿ ಮಾಡುವ ಅಧಿಕಾರವೂ ಬಂದುಬಿಡುವುದಿಲ್ಲ. 'ಇದು ಉಳಿದವುಗಳಂತಲ್ಲ' ಎಂದು ಹೊಗಳಿದಾಗೆಲ್ಲ ಉಳಿದವುಗಳನ್ನು ನೋಡಬೇಕಿಲ್ಲ ಎಂದೂ ಹೇಳಿದಂತಾಗುತ್ತದೆ. ಆ ಮಾತು ಬೇರೂರಿದರೆ ಮುಂದಿನ ಹಣ ಯಾವ ಚಿತ್ರಕ್ಕೆ ಹೋಗುತ್ತದೆ? ಮತ್ತೊಂದು 'ಅಪವಾದ'ಕ್ಕೆ. ಹತ್ತು ಚಿತ್ರಗಳ 'ಬಕುಚಿಉಚಿ' ಸರಣಿಯಿಂದ ಒಂದು ಬಿಡಿಯಾಗಿ ಬಂದಿದೆ. ಅದನ್ನು ಹಿಡಿದು ನಿಲ್ಲಿಸಿದ ಮುಂಚಿನ ಮೂರು ಆ ಪೆಟ್ಟಿಗೆಯಲ್ಲಿ ಇಲ್ಲ.

1968ರ ಪ್ರೇಕ್ಷಕರಿಗೆ ಆ ವರ್ಷವಿಡೀ ಸಿಕ್ಕಿದ್ದು ಏನೆಂದು ಒಮ್ಮೆ ಎಣಿಸಿ ನೋಡಿ. ಜನವರಿಯಲ್ಲಿ 'ಸೋಚೋ ತೊಬಾಕು'. ಮಾತ್ಸುದಾ ಆಗಿ ವಾಕಯಾಮಾ ತೊಮಿಸಾಬುರೊ, ಅವನ ಹೆಂಡತಿ ಹಿರೋಎ ಆಗಿ ಫುಜಿ ಜುಂಕೊ. ಅಣ್ಣನ ಮತ್ತು ಗಂಡನ ಧರ್ಮಗಳ ನಡುವೆ ನುಜ್ಜುಗುಜ್ಜಾಗಿ, ಕೊಲೆಗಾರ ಎಂದು ಕೂಗುವುದೊಂದೇ ಆ ಹೆಣ್ಣಿಗೆ ಉಳಿದ ದಾರಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಯಮಶಿತಾ 'ಹಿಬೊತಾನ್ ಬಕುತೊ' ಸರಣಿಯ ಮೊದಲ ಚಿತ್ರ ತಂದರು. ಅದರಲ್ಲಿ ಅದೇ ಫುಜಿ ಜುಂಕೊ ಕೆಂಪು ಪಿಯೊನಿ ಹೂವಿನ ಹಚ್ಚೆ ಹೊಯ್ಸಿಕೊಂಡು, ಊರೂರು ಅಲೆಯುತ್ತ ಜೂಜಾಡುವ ಓರ್ಯೂ. ತಂದೆಯ ಕೊಲೆಗಾರನನ್ನು ತಾನೇ ಹುಡುಕುತ್ತಾಳೆ, ತನ್ನ ಕತ್ತಿಯನ್ನು ತಾನೇ ಹಿಡಿಯುತ್ತಾಳೆ. ಅದೇ ವಾಕಯಾಮಾ ಅಲ್ಲಿ ಅವಳಿಗೆ ಮನಸೋತ, ನಗೆ ಹುಟ್ಟಿಸುವ ಯಜಮಾನ ಕುಮಾತೊರಾ. ಆ ಸರಣಿ 1972ರವರೆಗೆ ಎಂಟು ಚಿತ್ರ ನಡೆಯಿತು. ಜನವರಿಯಲ್ಲಿ ನಿಂಕ್ಯೋ ಧರ್ಮ ಹೆಣ್ಣಿಗೆ ಏನು ಮಾಡುತ್ತದೆಂದು ತೋರಿಸಿದ ನಿರ್ದೇಶಕನೇ ಸೆಪ್ಟೆಂಬರಿನಲ್ಲಿ ಆ ಧರ್ಮವನ್ನು ಹೆಣ್ಣಿನ ಕೈಗೆ ಕೊಟ್ಟು ನೋಡಿದ. ಎರಡೂ ಒಂದೇ ಸ್ಟುಡಿಯೊ, ಒಂದೇ ವರ್ಷ, ಒಂದೇ ನಟಿ. ಒಂದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ. ಈ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಜೊತೆಗೆ 'ಬಕುಚಿಉಚಿ'ಯ ಮೊದಲ ಮೂರನ್ನೂ ಸೇರಿಸಿ, ಯಾವುದಕ್ಕೂ ರತ್ನ ಎಂಬ ಪಟ್ಟಿ ಕಟ್ಟದೆ, ಪ್ರತಿಗಳ ಸಂಖ್ಯೆಗೆ ಮಿತಿ ಹಾಕದೆ ಯಾರಾದರೂ ತಂದರೆ ನಾನು ಮೊದಲ ದಿನವೇ ಕೊಳ್ಳುತ್ತೇನೆ.